ಕೆಮ್ಮು ಕೇಳದ ನಾಟಕಕಾರ

ಆರಿನ್ ಟಟ್ಲ್ ತನ್ನ ನಾಟಕ ನಡೆಯುವಾಗ ಎಂದೂ ಕುರ್ಚಿಯಲ್ಲಿ ಕೂತವನಲ್ಲ. ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ನಿಂತು ಜನರ ಕೆಮ್ಮು ಕೇಳಿಸಿಕೊಳ್ಳುತ್ತಿದ್ದ. ಬೇಸರವಾದರೆ ಜನ ಕೆಮ್ಮುತ್ತಾರೆ ಎನ್ನುವುದು ಅವನ ನಂಬಿಕೆ. ವಿಮರ್ಶಕರು ಬರುವ ಮುಂಚಿನ ಪ್ರದರ್ಶನಗಳಲ್ಲಿ ಎಲ್ಲಿ ಕೆಮ್ಮು ಕೇಳಿತೋ ಅಲ್ಲಿ ಕತ್ತರಿ. ಏಕ್ರನ್ ಊರಿನ ಟೈರ್ ಕಾರ್ಖಾನೆಯ ಕೆಲಸ ಬಿಟ್ಟು ಚರ್ಚಿನ ನೆಲಮಾಳಿಗೆಯಲ್ಲಿ ಮೊದಲ ನಾಟಕ ಆಡಿಸಿದಾಗಲೂ ಹಾಗೇ, ನ್ಯೂಯಾರ್ಕಿನಲ್ಲಿ ಹೆಸರು ಮಾಡಿದಾಗಲೂ ಹಾಗೇ. ಅವನ ನಾಟಕಗಳಲ್ಲಿ ಅಕ್ಕ, ಅಮ್ಮ, ಅತ್ತೆ ಎಲ್ಲ ಆಗಿ ನಟಿಸಿ, ಮಂಡಿ ಕೈಕೊಟ್ಟ ಮೇಲೆ ಸುಮ್ಮನೆ ನೋಡಲು ಬರುವವಳು ನಾನು, ರಾಝ್.

ಕ್ಲೀವ್‌ಲ್ಯಾಂಡಿನ ನಮ್ಮ ಪುಟ್ಟ ರಂಗಮಂದಿರದಲ್ಲಿ ಈಗ ಅವನ ಕೊನೆಯ ನಾಟಕ. ಗುರುವಾರ ವಿಮರ್ಶಕರು ಬರುತ್ತಾರೆ. ನಾಟಕವೋ ಎಷ್ಟು ಹೊತ್ತಾದರೂ ಮುಗಿಯುವುದೇ ಇಲ್ಲ.

"ನೋಡಿದ್ಯಾ ರಾಝ್? ಒಬ್ಬರೂ ಕೆಮ್ಮಲಿಲ್ಲ!" ಮಂಗಳವಾರ ಆರಿನ್ ಬೀಗಿದ. "ಒಂದು ಮಾತೂ ತೆಗೆಯಲ್ಲ."

ನಿರ್ದೇಶಕಿ ಡಾರ್ಸಿ ನನ್ನ ಕಿವಿಯಲ್ಲಿ, "ನೀವೇ ಹೇಳಿ, ನನಗೆ ಧೈರ್ಯ ಇಲ್ಲ" ಎಂದು ಜಾರಿಕೊಂಡಳು.

"ಕೆಮ್ಮಲಿಲ್ವಾ? ಆಸ್ಪತ್ರೆ ವಾರ್ಡಲ್ಲಿ ಕೂತ ಹಾಗಿತ್ತು ಕಣೋ ಮುದುಕ. ನಿನಗೆ ಕಿವಿ ಕೇಳಿಸ್ತಿಲ್ಲ!" ಎಂದೆ, ಗಟ್ಟಿಯಾಗಿಯೇ.

ಅವನ ಮುಖ ಸಪ್ಪಗಾಯಿತು. ಆಮೇಲೆ ಅವನೇ, "ಹಾಗಾದ್ರೆ ನಾಳೆ ನನ್ನ ಪಕ್ಕ ನಿಲ್ಲು. ಯಾರಾದ್ರೂ ಕೆಮ್ಮಿದ್ರೆ ತೋಳು ಒತ್ತು" ಎಂದ.

ಬುಧವಾರ ಮಧ್ಯಾಹ್ನದ ಆಟ. ನಿಂತು ಮಂಡಿ ಹೋಯಿತು, ಒತ್ತಿ ಒತ್ತಿ ಹೆಬ್ಬೆರಳು ಹೋಯಿತು. ಕೊನೆಗೆ ನಾಟಕದ ಮುದುಕ ಖಾಲಿ ಕುರ್ಚಿಯ ಜೊತೆ ಮಾತಾಡುವ ಭಾಗ ಬಂತು. ಹೆಂಡತಿ ವಿನ್ನಿ ಸತ್ತ ಚಳಿಗಾಲದಲ್ಲಿ ಆರಿನ್ ಬರೆದದ್ದು. ಜನ ಸಾಲುಸಾಲಾಗಿ ಕೆಮ್ಮಿದರು. ನಾನು ಒತ್ತಲಿಲ್ಲ.

ಆಟ ಮುಗಿದ ಮೇಲೆ ಆರಿನ್ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಒತ್ತಿದ ಕಡೆಯೆಲ್ಲ ಗೀಟು ಹಾಕುತ್ತಾ ಬಂದ. ಆ ಭಾಗಕ್ಕೆ ಬಂದಾಗ ನಿಂತ.

"ಇಲ್ಲಿ ಕೆಮ್ಮಲಿಲ್ವಾ?"

"ಇಲ್ಲ."

"ಕಿವಿ ಹೋಗಿದೆ ರಾಝ್, ಕಣ್ಣು ಹೋಗಿಲ್ಲ. ಎಲ್ಲರ ಕೈಯಲ್ಲೂ ಕರ್ಚೀಫು."

"ಅಳ್ತಿದ್ರು."

"ಕರ್ಚೀಫು ಬಾಯಿಗೆ ಇಟ್ಕೊಂಡು ಯಾರು ಅಳ್ತಾರೆ?"

ನನಗೆ ರೇಗಿತು. "ಅದು ವಿನ್ನಿ ಕಣೋ! ಅವಳಿಗೂ ಗೀಟು ಹಾಕ್ತೀಯಾ?"

"ಈ ನಾಲ್ಕು ಪುಟ ವಿನ್ನಿ ಅಲ್ಲ. ನನ್ನ ಗೋಳು" ಎಂದು ಉದ್ದಕ್ಕೂ ಗೀಟೆಳೆದ. ಒಂದೇ ಒಂದು ಮಾತು ಉಳಿಸಿದ: "ಕಾಫಿ ಆರ್ತಾ ಇದೆ, ಬಾರೇ."

ಗುರುವಾರ ನಟ ಖಾಲಿ ಕುರ್ಚಿಯ ಕಡೆ ತಿರುಗಿ ಅಷ್ಟೇ ಹೇಳಿದ. ಇಡೀ ರಂಗಮಂದಿರದಲ್ಲಿ ಒಂದು ಕೆಮ್ಮೂ ಇಲ್ಲ. ಆರಿನ್ ವೇದಿಕೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ. ಅವನ ತೋಳಿನ ಮೇಲೆ ನನ್ನ ಕೈ ಸುಮ್ಮನಿತ್ತು.

"ಈ ಸಲ ನಿಜ ತಾನೇ?" ಎಂದು ಪಿಸುಗುಟ್ಟಿದ. ಕಿವುಡನ ಪಿಸುಮಾತು ಅರ್ಧ ಮಂದಿರಕ್ಕೆ ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ. ನಾನು ಅಳುತ್ತಲೇ ಹೌದೆಂದು ತಲೆಯಾಡಿಸಿದೆ.