ಎಡಕ್ಕೆ, ಸ್ವಲ್ಪ ಮೇಲೆ

ನೋಡುವವರು ಹಳೆಯ ಅಳತೆ ನೋಡಬಾರದು, ಬರೆಯುವವರು ಬಾಯಿ ಬಿಡಬಾರದು. ಜೋಡಿ ನಕ್ಷತ್ರಗಳ ನಡುವಿನ ದೂರ ಅಳೆಯುವ ಆ ವೀಕ್ಷಣಾಲಯದಲ್ಲಿ ಇದ್ದ ಗಟ್ಟಿ ನಿಯಮ ಇದೊಂದೇ. ಹದಿನಾಲ್ಕು ವರ್ಷ ತಂಗಿ ದೂರದರ್ಶಕಕ್ಕೆ ಕಣ್ಣಿಟ್ಟು ಹೇಳಿದ್ದನ್ನು ಅಕ್ಕ ಕೆಂಪು ದೀಪದಡಿ ಕೂತು ಬರೆದುಕೊಂಡಿದ್ದಳು. ಅಕ್ಕ ಸತ್ತು ಎಂಟು ತಿಂಗಳಾಗಿತ್ತು. ಈಗ ಅವಳ ಸ್ಟೂಲಿನ ಮೇಲೆ ಭಾವ ಕೂತಿದ್ದ. ಅವನು ಅಲ್ಲಿಯ ಫಿಟ್ಟರ್. ಗುಮ್ಮಟ ತಿರುಗಿಸುವುದೂ ಅವನೇ.

ದಕ್ಷಿಣದ ಆಕಾಶದಲ್ಲಿ ಕೊಕ್ಕರೆಯಾಕಾರದ ಬಕ ನಕ್ಷತ್ರಪುಂಜದಲ್ಲಿದ್ದ ಒಂದು ಮಸುಕು ನಕ್ಷತ್ರಕ್ಕೆ ಇನ್ನೂ ಮಸುಕಾದ ಜೊತೆಗಾರ ಉಂಟೆಂದು ಮೊದಲು ಹೇಳಿದ್ದು ಅಕ್ಕ. ಜಗತ್ತಿನ ಜೋಡಿ ನಕ್ಷತ್ರಗಳ ಪಟ್ಟಿಯಲ್ಲಿ ಆ ಜೋಡಿಯ ಮುಂದೆ ಅವಳ ಹೆಸರಿತ್ತು. ಬೇರೆ ಯಾರ ಫೋಟೋದಲ್ಲೂ ಆ ಚುಕ್ಕಿ ಸಿಕ್ಕಿರಲಿಲ್ಲ. ಈ ತಿಂಗಳು ಹೊಸ ಅಳತೆ ಬಾರದಿದ್ದರೆ ಜೋಡಿಯನ್ನು ಪಟ್ಟಿಯಿಂದ ತೆಗೆಯುತ್ತೇವೆ ಎಂದು ಪಟ್ಟಿ ಇಡುವವರಿಂದ ಪತ್ರ ಬಂದಿತ್ತು. ಇದು ಕೊನೆಯ ಸಂಜೆ. ನಕ್ಷತ್ರ ನೀರಿನ ಟ್ಯಾಂಕಿನ ಹಿಂದೆ ಮರೆಯಾಗಲು ನಲವತ್ತು ನಿಮಿಷ ಉಳಿದಿತ್ತು.

"ಏನಾದ್ರೂ ಕಾಣ್ತಾ, ಗೂಬೆ?" ಭಾವ ಕೇಳಿದ. ಆ ಅಡ್ಡಹೆಸರು ಇಟ್ಟವಳೂ ಅಕ್ಕನೇ.

"ಬರೆಯೋರು ಮಾತಾಡಬಾರದು, ಭಾವ."

"ನಿಮ್ಮಕ್ಕ ಬಾಯಿ ಮುಚ್ಕೊಂಡು ಕೂತಿದ್ದನ್ನ ನಾನಂತೂ ನೋಡಿಲ್ಲಮ್ಮ. ಮನೇಲೂ ಇಲ್ಲ, ಇಲ್ಲೂ ಇಲ್ಲ."

ತಂಗಿ ಮತ್ತೆ ದೂರದರ್ಶಕಕ್ಕೆ ಕಣ್ಣಿಟ್ಟಳು. ಮಾತು ನಿಜ. ಪ್ರತಿ ಸಲವೂ ಅಕ್ಕ ಮೆಲ್ಲಗೆ ಹೇಳಿಕೊಡುತ್ತಿದ್ದಳು: ಎಡಕ್ಕೆ, ಸ್ವಲ್ಪ ಮೇಲೆ, ಓರೆಗಣ್ಣಲ್ಲಿ ನೋಡು. ಆಮೇಲೆಯೇ ಚುಕ್ಕಿ ಕಾಣುತ್ತಿತ್ತು. ಕೆಳಗೆ ಬಿದ್ದ ಸೂಜಿ ತೋರಿಸಿಕೊಟ್ಟಷ್ಟೇ ಸಹಜವಾಗಿತ್ತು ಅದು. ನಿಯಮ ಮುರಿಯುತ್ತಿದ್ದೇವೆಂದು ಇಬ್ಬರಿಗೂ ಅನ್ನಿಸಿರಲಿಲ್ಲ.

ಅರ್ಧ ಗಂಟೆ ಕಣ್ಣಲ್ಲಿ ನೀರೂರುವಷ್ಟು ನೋಡಿದಳು. ಇದ್ದದ್ದು ಒಂದೇ ನಕ್ಷತ್ರ.

"ಎಡಕ್ಕೆ. ಸ್ವಲ್ಪ ಮೇಲೆ."

ಅಕ್ಕನ ದನಿಯಂತೆಯೇ ಕೇಳಿಸಿತು; ಅವಳು ಅತ್ತ ಕಣ್ಣು ಹೊರಳಿಸಿದಳು. ಚುಕ್ಕಿ ಅಲ್ಲೇ ಇತ್ತು, ಬೂದಿಯ ಕಣದಷ್ಟು.

"ಭಾವ, ನೀವು ಏನಾದ್ರೂ ಅಂದ್ರಾ?"

"ಮಾತಾಡಬೇಡಿ ಅಂದೆಯಲ್ಲ. ನಾನು ಪಿಟ್ಟೆಂದಿಲ್ಲ. ಯಾಕೆ, ಸಿಕ್ತಾ?" ಅವನ ದನಿಯಲ್ಲಿದ್ದ ಆಸೆ ಅವಳಿಗೆ ಕೇಳಿಸಿತು. ಪೆನ್ಸಿಲ್ ಆಗಲೇ ಕಾಗದ ಮುಟ್ಟಿತ್ತು.

ಒಂದು ಅಂಕಿ ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಹೇಳಲಿಲ್ಲ. ದೂರದರ್ಶಕವನ್ನು ಪಕ್ಕದ ನಕ್ಷತ್ರಕ್ಕೆ ಸರಿಸಿದಳು. ಅದು ಒಂಟಿ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅದರ ಮೇಲೆ ಕಣ್ಣಿಟ್ಟು ಕಾದಳು.

"ಎಡಕ್ಕೆ," ಅಂದಳು ಅಕ್ಕ. "ಸ್ವಲ್ಪ ಮೇಲೆ."

ಅಲ್ಲೂ ಇತ್ತು. ಅದೇ ದೂರದಲ್ಲಿ, ಅದೇ ಬೂದಿ ಬಣ್ಣದ ಚುಕ್ಕಿ.

"ಬರೀರಿ ಭಾವ. ಜೊತೆಗಾರ ಕಾಣಲಿಲ್ಲ."

ಅವನು ಬರೆಯಲಿಲ್ಲ. "ಹದಿನಾಲ್ಕು ವರ್ಷ ಕಂಡಿದ್ದು?"

"ಅದನ್ನೂ ಬರೀಬೇಕು. ಅವಳು ಹೇಳಿಕೊಟ್ಟ ಮೇಲೆ ಕಂಡಿದ್ದು ಅಂತ."

"ಸತ್ತವಳ ಹೆಸರಿಗೆ ಮಸಿ ಬಳಿಯೋಕೆ ನನ್ನ ಕೈಲಾಗಲ್ಲ, ತಾಯಿ." ಪೆನ್ಸಿಲನ್ನು ಮೇಜಿನ ಮೇಲಿಟ್ಟು ಎದ್ದುಹೋದ. ಕಬ್ಬಿಣದ ಮೆಟ್ಟಿಲು ಇಳಿಯುವ ಸದ್ದು ಕೆಳಗಿನ ಬಾಗಿಲವರೆಗೂ ಕೇಳಿಸಿತು.

ಅವಳು ಸ್ಟೂಲಿನ ಮೇಲೆ ಕೂತು ತಾನೇ ಬರೆದಳು, ಸಹಿ ಹಾಕಿದಳು. ದೂರದರ್ಶಕಕ್ಕೆ ಮುಚ್ಚಳ ಹಾಕುವ ಮುಂಚೆ ಇನ್ನೊಂದು ಸಲ ಅದಕ್ಕೆ ಕಣ್ಣಿಟ್ಟಳು. ನಕ್ಷತ್ರ ಆಗಲೇ ಟ್ಯಾಂಕಿನ ಹಿಂದೆ ಹೋಗಿತ್ತು. ಬರೀ ಕತ್ತಲು.

ಕತ್ತಲಲ್ಲಿ, ಎಡಕ್ಕೆ, ಸ್ವಲ್ಪ ಮೇಲೆ, ಚುಕ್ಕಿ ಇತ್ತು.