ಒಂದು ಗಂಟೆಗೆ ಮುಂಚೆ ಬಾಗಿಲು ತಟ್ಟಬಾರದು

ಮನೆ ಮಾಲೀಕ ವೆಂಡೆಲ್ ಕ್ರೇಗ್ ತನ್ನ ಟ್ರಕ್ಕಿನ ಎಂಜಿನ್ ಬಿಸಿ ಮಾಡುವ ಹೀಟರಿಗೆ ನೆಲಮಾಳಿಗೆಯ ಬಾಡಿಗೆದಾರಳ ಲೈನಿನಿಂದ ಕರೆಂಟು ಎಳೆದುಕೊಂಡ. ಲೈನು ಹೊರೆ ತಾಳದೆ ಬಿದ್ದು ಕರೆಂಟು ಹೋದಾಗಲೆಲ್ಲ ಅವಳ ಕಂಪ್ಯೂಟರೇ ಕಾರಣ ಎಂದ. ಜನವರಿಯ ಎರಡನೇ ಸೋಮವಾರ ಅವಳ ಬಾಗಿಲಿಗೆ ಒಂದು ಕಾಗದ ಅಂಟಿಸಿದ: ಶುಕ್ರವಾರದೊಳಗೆ ಕಂಪ್ಯೂಟರ್ ಹೊರಗೆ, ಇಲ್ಲವೇ ನೀವು ಹೊರಗೆ.

ಕಾಗದದಲ್ಲಿ ಇನ್ನೂ ಎರಡು ಸಾಲುಗಳಿದ್ದವು. ಬಾಡಿಗೆದಾರರು ಬ್ರೇಕರ್ ಪೆಟ್ಟಿಗೆ ಮುಟ್ಟಬಾರದು. ಮಾಲೀಕರು ಮಧ್ಯಾಹ್ನದ ಪಾಳಿಯವರಾದ್ದರಿಂದ ಒಂದು ಗಂಟೆಗೆ ಮುಂಚೆ ಯಾವ ಕಾರಣಕ್ಕೂ ಬಾಗಿಲು ತಟ್ಟಬಾರದು. 'ಯಾವ ಕಾರಣಕ್ಕೂ' ಎಂಬುದರ ಕೆಳಗೆ ಎರಡು ಗೆರೆ.

ಎರ್ಲಿಂಡಾ ಮಗ್ಬನುವಾ ಅದನ್ನು ನಿಂತಲ್ಲೇ ಮೂರು ಸಲ ಓದಿದಳು. ಇನ್ನೂ ಕಟ್ಟದ ಮನೆಗಳ ಚಿತ್ರ ಬಿಡಿಸುವುದು ಅವಳ ಕಸುಬು. ಎತ್ತರದ ಗಾಜಿನ ಗೋಡೆ, ಅಡುಗೆಕಟ್ಟೆಯ ಮೇಲೆ ಸಾಲು ದೀಪ, ಸ್ನಾನದ ಮನೆಯೊಳಗೆ ಬಿಸಿಲು ಎಲ್ಲವನ್ನೂ ಅವಳ ಕಂಪ್ಯೂಟರ್ ನಾಲ್ಕು ನಾಲ್ಕು ಗಂಟೆ ಏದುಸಿರು ಬಿಟ್ಟು ಹೆಣೆಯಬೇಕು. ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು. ಅವಳ ಸ್ವಂತ ಕೋಣೆಗೆ ಬಿಸಿಲು ಬರುವುದು ನೆಲಮಟ್ಟದ ಒಂದು ಗೇಣಗಲದ ಕಿಟಕಿಯಿಂದ, ಅದೂ ಹಿಮ ಗುಡಿಸಿದ ದಿನ ಮಾತ್ರ. ಕಂಪ್ಯೂಟರ್ ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ವಿನ್ನಿಪೆಗ್‌ನ ಈ ಚಳಿಯಲ್ಲಿ ಇನ್ನೊಂದು ಸೂರು ಯಾರು ಕೊಡುತ್ತಾರೆ?

ಮೊದಮೊದಲು ತಪ್ಪು ತನ್ನದೇ ಅಂದುಕೊಂಡಿದ್ದಳು. ದೀಪ ಆರಿಸಿ ಕೂತಳು. ಕೋಟು ತೊಟ್ಟು ಕೆಲಸ ಮಾಡಿದಳು. ಅನ್ನದ ಕುಕ್ಕರನ್ನು ಬೆಳಗಿನ ಜಾವಕ್ಕೆ ತಳ್ಳಿದಳು. ಆದರೂ ದಿನಾ ಹತ್ತು ದಾಟುತ್ತಿದ್ದಂತೆ ಲೈನು ಬೀಳುತ್ತಿತ್ತು. ಬಿದ್ದ ಲೈನನ್ನು ಮತ್ತೆ ಎತ್ತುವ ಬ್ರೇಕರ್ ಇರುವ ಗೂಡಿನ ಬೀಗದ ಕೈ ಮಾಲೀಕನ ಕೊರಳಲ್ಲಿ. ಅವಳು ಮೇಲೆ ಹೋಗಿ ಬಾಗಿಲು ತಟ್ಟಬೇಕು, ಅವನು ಕಣ್ಣುಜ್ಜುತ್ತ ಇಳಿದು ಬರಬೇಕು, "ನಾಸಾದವ್ರಿಗೆ ರಾಕೆಟ್ ಹಾರಿಸಿಕೊಡ್ತಾ ಇದೀರೇನ್ರೀ ಇಲ್ಲಿ?" ಅನ್ನಬೇಕು, ಆಮೇಲೆ ಕೋಣೆಗೆ ಬೆಳಕು.

ಮಂಗಳವಾರ ಅವಳು ಲೈಬ್ರರಿಯಿಂದ ಕರೆಂಟು ಅಳೆಯುವ ಒಂದು ವ್ಯಾಟ್ ಮೀಟರ್ ಎರವಲು ತಂದಳು. ಪುಸ್ತಕ ಕೊಡುವ ಹಾಗೆಯೇ ಮುದ್ರೆ ಒತ್ತಿ ಕೊಟ್ಟರು. ಅದನ್ನು ಪ್ಲಗ್ಗಿಗೆ ಸಿಕ್ಕಿಸಿ, ಪಕ್ಕದ ಮನೆಯ ಅಡೆಲ್ ಡೆಜಾರ್ಲೆಯನ್ನು ಕರೆದಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಮುದುಕಿಗೆ ಎಂಜಿನ್, ತಂತಿ, ಹಟಮಾರಿ ಮಕ್ಕಳು, ಮೂರೂ ಅಂಗೈಯ ಗೆರೆಯಷ್ಟು ಪರಿಚಯ.

"ಎಷ್ಟು ತಿನ್ನುತ್ತಂತೆ ನಿನ್ನ ಬಕಾಸುರ?"

"ಆರುನೂರ ಹತ್ತು ವ್ಯಾಟ್, ಅಡೆಲಕ್ಕ. ಅದೂ ಮೈಮುರಿದು ದುಡಿಯೋವಾಗ."

"ಲೈನು ಎಷ್ಟು ತಡೆಯುತ್ತೆ?"

"ಹದಿನೈದು ಆಂಪ್. ಅಂದ್ರೆ ಸಾವಿರದ ಎಂಟುನೂರು ವ್ಯಾಟ್."

ಅಡೆಲ್ ಬೆರಳು ಮಡಚಿ ಲೆಕ್ಕ ಹಾಕಿ ಹುಬ್ಬೇರಿಸಿದಳು. "ಹಾಗಾದ್ರೆ ನಿನ್ನ ಪಂಕ್ತೀಲಿ ಇನ್ಯಾವನೋ ಕೂತು ಉಣ್ತಾ ಇದಾನೆ ಕಣೇ."

ಅಷ್ಟರಲ್ಲಿ ಹತ್ತು ದಾಟಿತ್ತು. ಟಪ್ಪೆಂದು ಕೋಣೆ ಕತ್ತಲಾಯಿತು. ಇಬ್ಬರ ಕಣ್ಣೂ ಬೆಳಕಿದ್ದ ಕಡೆಗೆ, ಅಂದರೆ ಕಿಟಕಿಗೆ ಹೋಯಿತು. ಹೊರಗೆ ಕ್ರೇಗ್‌ನ ಟ್ರಕ್ಕು. ಅದರ ಮೂತಿಯಿಂದ ಇಳಿದ ವೈರು ಹಿಮದ ಮೇಲೆ ಹರಿದು ಮನೆಯ ಗೋಡೆಯ ಪ್ಲಗ್ಗಿಗೆ ಬಂದಿತ್ತು. ಆ ಊರಿನಲ್ಲಿ ಚಳಿಗಾಲವಿಡೀ ಎಲ್ಲ ಗಾಡಿಗಳೂ ಹಾಗೆ ಹಗ್ಗ ಕಟ್ಟಿದ ದನದಂತೆಯೇ ನಿಂತಿರುತ್ತವೆ. ಎಂಜಿನ್ ಬೆಚ್ಚಗಿರದಿದ್ದರೆ ಏಳುವುದಿಲ್ಲ. ವೈರಿನ ತುದಿಯಲ್ಲಿ ಕರೆಂಟಿದೆ ಎಂದು ತೋರಿಸುವ ಒಂದು ಕೆಂಪು ದೀಪವಿತ್ತು. ಈಗ ತಾನೇ ಉರಿಯುತ್ತಿದ್ದ ಆ ದೀಪ ಆರಿತ್ತು.

ಎರ್ಲಿಂಡಾ ಮೇಲೆ ಹೋಗಿ ಬಾಗಿಲು ತಟ್ಟಿದಳು. ಬೈಸಿಕೊಂಡಳು. ಅವನು ಇಳಿದು ಬಂದು ಬ್ರೇಕರ್ ಎತ್ತಿ ಹೋದ. ಕಿಟಕಿಯ ಬಳಿ ಕಾವಲಿದ್ದ ಅಡೆಲ್ ಪಿಸುಗುಟ್ಟಿದಳು: "ಹತ್ತಿಕೊಳ್ತು. ನಿನ್ನ ಬಲ್ಬು, ಅವನ ಬಲ್ಬು, ಎರಡೂ ಅವಳಿ ಮಕ್ಕಳ ಹಾಗೆ."

"ಹತ್ತಕ್ಕೆ ಆನ್ ಆಗೋ ಹಾಗೆ ಟೈಮರ್ ಇಟ್ಟಿದಾನೆ. ಎರಡು ಗಂಟೆಗೆ ಹೊರಡ್ತಾನಲ್ಲ."

"ಎಂಜಿನ್ನಿಗೆ ಆರುನೂರು. ಆ ಮಹಾರಾಜನ ಕುಂಡೆಗೆ ಚಳಿಯಾಗಬಾರದು ಅಂತ ಒಳಗೊಂದು ಬಿಸಿಗಾಳಿ ಫ್ಯಾನು, ಅದಕ್ಕೊಂದು ಒಂಬೈನೂರು. ನಗರಸಭೆಯವರಿಗೆ ಹೇಳೇ."

"ಅವ್ರು ಬರೋ ಹೊತ್ತಿಗೆ ಶುಕ್ರವಾರ ಹೋಗಿ ಮುಂದಿನ ಶುಕ್ರವಾರ ಬಂದಿರುತ್ತೆ. ಇದು ಅವನ ಬಾಯಿಂದಲೇ ಬರ್ಬೇಕು ಅಕ್ಕ."

"ಅವನು ಬಾಯಿ ಬಿಡ್ತಾನಾ?"

ಎರ್ಲಿಂಡಾ ಬಾಗಿಲಿನ ಕಾಗದದ ಕಡೆ ನೋಡಿದಳು. ಇಷ್ಟು ದಿನವೂ ತಾನು ಬೈಸಿಕೊಂಡು ಎಬ್ಬಿಸಿದ್ದರಿಂದಲೇ ಅವನ ಟ್ರಕ್ಕು ಬೆಚ್ಚಗಿತ್ತು! ನಗು ತಡೆಯಲಾಗದೆ ಅವಳು ಕೋಟಿನ ತೋಳು ಕಚ್ಚಿಕೊಂಡಳು.

"ನಾಳಿದ್ದು ಮೈನಸ್ ಮೂವತ್ತಾರು ಅಂತೆ," ಎಂದಳು. "ಅವತ್ತು ನಾನು ತುಂಬಾ ಒಳ್ಳೇ ಬಾಡಿಗೆದಾರಳಾಗಿರ್ತೀನಿ."

ಗುರುವಾರ ಬೆಳಗಾಗುತ್ತಲೇ ಅವಳು ಮುಗಿದ ಚಿತ್ರಗಳನ್ನೆಲ್ಲ ಕಳಿಸಿಬಿಟ್ಟಳು. ಆಮೇಲೆ ಯಾರೂ ಕೇಳದ ಒಂದು ಚಿತ್ರ ಶುರು ಮಾಡಿದಳು: ಮುನ್ನೂರು ದೀಪಗಳ, ನಾಲ್ಕು ಗೋಡೆಗೂ ಕನ್ನಡಿಯ ಒಂದು ಪಾಯಿಖಾನೆ. ಕಂಪ್ಯೂಟರಿನ ಫ್ಯಾನುಗಳು ವಿಮಾನದಂತೆ ಮೊರೆದವು. ಹತ್ತಕ್ಕೆ ಸರಿಯಾಗಿ ಅನ್ನದ ಕುಕ್ಕರನ್ನೂ ಹಾಕಿದಳು. ಒಬ್ಬಳಿಗೆ ಎಂಟು ಜನರಷ್ಟು ಅಕ್ಕಿ. ಹೊರಗೆ ಕೆಂಪು ದೀಪ ಕಣ್ಣು ಬಿಟ್ಟಿತು. ಹತ್ತೂ ಏಳಕ್ಕೆ ಟಪ್ಪೆಂದಿತು.

ಅವಳು ತಟ್ಟಲಿಲ್ಲ. ಒಂದು ಚೀಟಿ ಬರೆದು, ಸಾಕ್ಸ್ ಹಾಕಿದ ಕಾಲಲ್ಲಿ ಮೆಟ್ಟಿಲು ಹತ್ತಿ, ಅವನ ಬಾಗಿಲಿಗೆ ಮೆಲ್ಲಗೆ ಅಂಟಿಸಿ ಬಂದಳು: 'ಹತ್ತೂ ಏಳಕ್ಕೆ ಲೈನು ಬಿತ್ತು. ತಮ್ಮ ಕಾಗದದಂತೆ ತಮ್ಮ ನಿದ್ದೆಗೆ ಭಂಗ ತಂದಿಲ್ಲ.' ಫ್ಲಾಸ್ಕಿನಿಂದ ಬಿಸಿ ಶುಂಠಿ ನೀರು ಬಗ್ಗಿಸಿಕೊಂಡು, ಎರಡು ಕಂಬಳಿ ಹೊದ್ದು, ಕಿಟಕಿಯ ಮುಂದೆ ಸಿನಿಮಾಕ್ಕೆ ಕೂತಂತೆ ಕೂತಳು.

ಎರಡು ಗಂಟೆಗೆ ಬೂಟುಗಳು ಕಿಟಕಿ ದಾಟಿದವು. ಟ್ರಕ್ಕು ಒಮ್ಮೆ ನರಳಿತು. ಇನ್ನೊಮ್ಮೆ ಕೆಮ್ಮಿತು. ಮೂರನೇ ಸಲ ಬರೀ ಟಿಕ್ ಎಂದಿತು. ಬೂಟುಗಳು ವಾಪಸು ಓಡಿದವು, ಮೆಟ್ಟಿಲು ದಡದಡ ಇಳಿದವು.

"ಏನ್ರೀ! ಲೈನು ಬಿದ್ದು ನಾಲ್ಕು ಗಂಟೆ ಆಯ್ತು, ಎಬ್ಬಿಸೋಕೆ ಏನಾಗಿತ್ತು ನಿಮಗೆ?" ಕ್ರೇಗ್ ಅವಳ ಚೀಟಿಯನ್ನು ಅವಳ ಮೂಗಿನ ಮುಂದೆ ಹಿಡಿದ.

"ನೀವೇ ಎರಡು ಗೆರೆ ಎಳೆದಿದೀರಲ್ಲ, ಕ್ರೇಗ್ ಅವ್ರೇ."

"ನನ್ನ ಟ್ರಕ್ಕು ಕಲ್ಲಾಗಿದೆ!"

"ಅಯ್ಯೋ. ನನ್ನ ಲೈನು ಬಿದ್ರೆ ನಿಮ್ಮ ಟ್ರಕ್ಕಿಗೆ ಏನ್ರೀ ಆಗುತ್ತೆ?"

"ಅದು ಇದೇ ಲೈನಲ್ಲಿ..." ಎಂದವನು ಅಲ್ಲೇ ನಿಂತ. ಬಾಯಿ ತೆರೆದೇ ಇತ್ತು.

ಅವನ ಹಿಂದೆ ಮೆಟ್ಟಿಲ ಮೇಲೆ ಅಡೆಲ್, ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದರ ಬ್ಯಾಟರಿಗೆ ಕರೆಂಟು ಕೊಡುವ ದಪ್ಪ ವೈರನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ನಿಂತಿದ್ದಳು. "ಕಿವಿ ಸ್ವಲ್ಪ ಮಂದ ಕಣಪ್ಪ ನಂಗೆ. ಯಾವ ಲೈನಲ್ಲಿ ಅಂದೆ?"

"ಅಡೆಲ್, ಮೂರಕ್ಕೆ ಪಾಳಿ. ಮೊದ್ಲು ವೈರು ಕೊಡು."

"ಈ ಚಳೀಲಿ ಎಂಜಿನ್ ಎಣ್ಣೆ ಹಲ್ವಾ ಆಗಿರುತ್ತೆ. ವೈರು ಏನ್ ಮಾಡುತ್ತೆ? ಒಂದು ಗಂಟೆ ಹೊತ್ತು ಹೀಟರ್ ಓಡಬೇಕು. ನಿನ್ನ ಮನೆಯಿಂದಲೇ ಎಳ್ಕೋ."

"ಅಲ್ಲಿ ಮೀನಿನ ತೊಟ್ಟಿ ಇದೆ, ದೊಡ್ಡ ಟೀವಿ ಇದೆ, ಬಟ್ಟೆ ಒಗೆಯೋ ಮೆಷಿನ್ ಓಡ್ತಿದೆ. ಅದರ ಮೇಲೆ ಇದನ್ನೂ ಹಾಕಿದ್ರೆ ನನ್ನ ಲೈನು ಬೀಳಲ್ವಾ?"

ಅಡೆಲ್ ಗೊಳ್ಳೆಂದು ನಕ್ಕಳು. ಎರ್ಲಿಂಡಾ ನಗಲಿಲ್ಲ. ಬಾಗಿಲಿನ ಕಾಗದದ ಕೆಳಗೆ ಅವಳು ಕೆಂಪು ಶಾಯಿಯಲ್ಲಿ ಬರೆದಿದ್ದಳು: ಕಂಪ್ಯೂಟರ್, ಆರುನೂರ ಹತ್ತು. ಅದರ ಕೆಳಗೆ: ಮಾಲೀಕರ ಟ್ರಕ್ಕು, ಸಾವಿರದ ಐನೂರು. ಹೆಬ್ಬೆರಳಿನಿಂದ ಆ ಎರಡನೇ ಸಾಲನ್ನು ತೋರಿಸಿದಳು.

ಕ್ರೇಗ್ ಅದನ್ನು ಓದಿದ. ಕೊರಳಿನ ಕೀ ತೆಗೆದು ಗೂಡಿನ ಬಾಗಿಲು ತೆರೆದ. ಬೆರಳು ಬ್ರೇಕರಿನ ಮೇಲಿತ್ತು, ಕಣ್ಣು ಗಡಿಯಾರದ ಮೇಲೆ.

"ಶುಕ್ರವಾರದ್ದು ಆಮೇಲೆ ಮಾತಾಡೋಣ," ಎಂದ. "ಈಗ ನಿಮ್ಮ ಕಂಪ್ಯೂಟರ್ ಪ್ಲಗ್ ಕೀಳಿ. ಬೇಗ. ಎರಡೂ ಒಟ್ಟಿಗೆ ತಡೆಯಲ್ಲ ಇದು."

"ತಡೆಯಲ್ಲ ಅಂತ ನಿಮಗೂ ಗೊತ್ತಾಯ್ತಲ್ಲ."

"ಕೀಳ್ರೀ ಅಂದ್ರೆ!"

ಎರ್ಲಿಂಡಾ ಒಳಗೆ ಹೋದಳು. ಕುರ್ಚಿಯನ್ನು ಗೋಡೆಯ ಪ್ಲಗ್ಗಿನ ಮುಂದಕ್ಕೆ ಎಳೆದು, ಅದಕ್ಕೆ ಬೆನ್ನು ಕೊಟ್ಟು ಕೂತು, ಕಂಬಳಿಯನ್ನು ಮೊಣಕಾಲಿನವರೆಗೆ ಎಳೆದುಕೊಂಡಳು.

"ಕೀಳಲ್ಲ," ಎಂದಳು.