ಒಳಗೆ ಬಿಳಿ, ಹೊರಗೆ ಕೆನೆ

ಬೀಗ ತೆಗೆಯುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಹೊಸ ಬಣ್ಣದ ವಾಸನೆ. ಅಲ್ಲೇ ನನಗೆ ಅರ್ಥವಾಗಿತ್ತು. ಆದರೂ ಒಳಗೆ ಹೋದೆ.

ಅಣ್ಣ ಹಾಲ್‌ನ ನಡುವೆ ಏಣಿಯ ಮೇಲಿದ್ದ. ನನ್ನನ್ನು ಕಂಡು ರೋಲರನ್ನು ಗೋಡೆಯತ್ತ ಚಾಚಿದ.

"ಹೇಗಿದೆ? ಮೂರು ದಿನದ ಕೆಲಸ. ನಿನ್ನ ಸಮಿತಿಯವರ ಕಣ್ಣು ಕೋರೈಸಬೇಕು!"

ಊರಿನ ಅಂಚಿನ ಈ ಬಡಾವಣೆಯಲ್ಲಿ ಅರವತ್ತು ವರ್ಷದ ಹಿಂದೆ ಒಬ್ಬನೇ ಮನುಷ್ಯ ನಕ್ಷೆ ಬರೆದ ಇಪ್ಪತ್ತಾರು ಮನೆಗಳು ಎದ್ದವು. ಎಲ್ಲವೂ ತಗ್ಗು ಮನೆಗಳು, ಚಪ್ಪಟೆ ಸೂರು, ಒಳಗೆ ತಲೆಯ ಮೇಲೆ ಹಲಗೆಯ ಮಾಡು. ಪ್ರತಿ ಮನೆಗೂ ಮೇಲೆ ಗಾರೆ ಬಳಿಯದ ಒಂದು ಇಟ್ಟಿಗೆ ಗೋಡೆ. ಅದು ಅಡುಗೆಮನೆಯ ಬಳಿ ಶುರುವಾಗಿ, ಹಾಲನ್ನು ಹಾದು, ದೊಡ್ಡ ಗಾಜನ್ನು ಸೀಳಿಕೊಂಡು ಹಿತ್ತಲಿಗೆ ಹೋಗುತ್ತದೆ. ಹಾಲಿನಲ್ಲಿ ಕೂತವರಿಗೆ ಮನೆ ಎಲ್ಲಿ ಮುಗಿಯಿತು, ಹಿತ್ತಲು ಎಲ್ಲಿ ಶುರುವಾಯಿತು ಎಂದು ಗೊತ್ತಾಗಬಾರದು. ಇಡೀ ಮನೆಯ ಗುಟ್ಟು ಅಷ್ಟೇ.

ಅಣ್ಣ ಅದಕ್ಕೆ ಒಳಗೆ ಬಿಳಿ ಬಳಿದಿದ್ದ, ಹೊರಗೆ ಕೆನೆ. ಒಂದು ಗೋಡೆ ಎರಡಾಗಿತ್ತು.

ಇಪ್ಪತ್ತಾರರಲ್ಲಿ ಈಗ ಉಳಿದಿರುವುದು ಮೂರು. ಮಿಕ್ಕವು ಮೂರಂತಸ್ತಿನ ಡಬ್ಬಿಗಳಾದವು, ಮುಂದೆ ಯಾವ ಭಾರವನ್ನೂ ಹೊರದ ನಾಲ್ಕು ಕಂಬ. ಅದರಲ್ಲಿ ಒಂದು ನಮ್ಮದು; ನಿಜವಾಗಿ ನಮ್ಮದೂ ಅಲ್ಲ, ಚಿಕ್ಕಪ್ಪನದು. ನಾವಿಬ್ಬರು ಬೆಳೆದದ್ದು, ಈಗಲೂ ಇರುವುದು ಇಲ್ಲೇ. ಚಿಕ್ಕಪ್ಪ ಹೇಳಿದ್ದು ಎರಡೇ ಮಾತು. ಉಳಿಸಬೇಕಾದ ಕಟ್ಟಡಗಳ ಪಟ್ಟಿಗೆ ಸೇರಿದರೆ ಮನೆ ಮುಟ್ಟುವುದಿಲ್ಲ, ಸೇರದಿದ್ದರೆ ಒಂದನೇ ತಾರೀಖಿಗೆ ಬಿಲ್ಡರ್ ಕೈಗೆ ಬೀಗದಕೈ.

ಡಿಗ್ರಿ ಮುಗಿಸಿದ ಮೇಲೆ ನಾನು ಮನಸ್ಸಿಟ್ಟು ಮಾಡಿದ ಕೆಲಸವೆಂದರೆ ಆ ಪಟ್ಟಿಯ ಸಮಿತಿಗೆ ಬರೆದ ಅರ್ಜಿ ಒಂದೇ. ಹದಿನಾಲ್ಕು ಪುಟ. ಅದರಲ್ಲಿ ನಾಲ್ಕು ಪುಟ ಈ ಗೋಡೆಗೆ. ಇಟ್ಟಿಗೆಯ ಕೆಂಪು ಎಲ್ಲೆಲ್ಲಿ ಕಂದಾಗುತ್ತದೆ, ಸಂದಿನ ಗಾರೆಯನ್ನು ಎಷ್ಟು ಒಳಕ್ಕೆ ಒತ್ತಿದ್ದಾರೆ, ಮಧ್ಯಾಹ್ನದ ಬಿಸಿಲು ಅದರ ಮೇಲೆ ಹೇಗೆ ತೆವಳುತ್ತದೆ, ಎಲ್ಲ ಬರೆದಿದ್ದೆ. ಹಳೆಯ ನಕ್ಷೆ ಹುಡುಕಲು ಬೇರೆ ಊರಿಗೆ ಹೋದವಳು, ಸೋಮವಾರ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟು: "ಗುರುವಾರ ಹನ್ನೊಂದಕ್ಕೆ ನೋಡೋಕೆ ಬರ್ತಾರೆ. ಮನೆ ಚೆನ್ನಾಗಿರಲಿ."

ಅಣ್ಣನ ಕಸುಬು ಬಣ್ಣ ಬಳಿಯುವುದು.

"ಯಾರು ಹೇಳಿದರು ನಿನಗೆ?" ಎಂದೆ.

"ಯಾಕೇ ಹಾಗೆ ನೋಡ್ತೀಯ? ನಾನೇನು ಕೂಲಿ ಕೊಡು ಅಂದ್ನಾ?" ನಗು ಅವನ ಮುಖದಲ್ಲಿ ಇನ್ನೂ ಇತ್ತು. "ನೀನೇ ತಾನೆ ಚೆನ್ನಾಗಿರಲಿ ಅಂದಿದ್ದು?"

ಬಾಯಿ ತೆರೆಯುವಷ್ಟರಲ್ಲಿ ಕರೆಗಂಟೆ ಹೊಡೆದುಕೊಂಡಿತು. ಹನ್ನೊಂದಕ್ಕೆ ಸರಿಯಾಗಿ.

ಪರಿಶೀಲನೆಗೆ ಬಂದವರು ಬಡಕಲು ಮನುಷ್ಯ. ನನ್ನ ಅರ್ಜಿಯನ್ನು ಎದೆಗವಚಿಕೊಂಡು ಬಂದಿದ್ದರು. ಅಂಚುಗಳಲ್ಲೆಲ್ಲ ಪೆನ್ಸಿಲ್ ಗುರುತು, ಓದಿದ್ದರು. ಗೋಡೆಯ ಮುಂದೆ ನಿಂತರು. ಆಮೇಲೆ ಉಗುರಿನಿಂದ ಒಂದು ಕಡೆ ಕೆರೆದು ನೋಡಿದರು.

"ಬಿಡಿಸಬಹುದಾ ಇದನ್ನ?"

"ಬಿಡೋದಾ?" ಅಣ್ಣನಿಗೆ ಅವಮಾನವಾದಂತಿತ್ತು. "ಎರಡು ಕೋಟ್ ಪ್ರೈಮರ್ ಹೊಡೆದಿದೀನಿ ಸಾರ್. ಬರಿ ಇಟ್ಟಿಗೆ, ಪೂರ್ತಿ ಕುಡಿದುಬಿಟ್ಟಿದೆ. ಇಪ್ಪತ್ತು ವರ್ಷ ಅಲ್ಲಾಡಲ್ಲ. ಕೆರೆದರೆ ಇಟ್ಟಿಗೆ ಮುಖಾನೇ ಕಿತ್ತು..."

ಅಲ್ಲಿಗೆ ನಿಂತ. ನನ್ನನ್ನು ನೋಡಿದ, ಅವರನ್ನು ನೋಡಿದ. ಏಣಿ ಇಳಿಯತೊಡಗಿದ.

ನನ್ನ ಮೈಯೆಲ್ಲ ಉರಿಯುತ್ತಿತ್ತು. ಬೇರೆ ಬಣ್ಣದವರಾಗಿದ್ದರೆ ಪ್ರೈಮರ್ ಬಿಟ್ಟು, ಬಣ್ಣಕ್ಕೆ ನೀರು ಬೆರೆಸಿ ಬಳಿದು ಹೋಗುತ್ತಿದ್ದರು, ಪದರ ಪದರವಾಗಿ ಎದ್ದು ಬರುತ್ತಿತ್ತು. ಕಳ್ಳ ಕೆಲಸ ಮಾಡಿದ್ದರೆ ಮನೆ ಉಳಿಯುತ್ತಿತ್ತು.

"ಮಾಡಿನ ಹಲಗೆ ಇದೆ, ಗೋಡೆಯೊಳಗಿನ ಬೀರುಗಳಿವೆ. ಬರೀತೀನಿ," ಎಂದರು ಅವರು. "ಆದರೆ ನಿಮ್ಮ ಅರ್ಜಿ ನಿಂತಿರೋದೇ ಈ ಗೋಡೆ ಮೇಲೆ ಅಲ್ವೇನಮ್ಮ? ಸಾಲಲ್ಲ."

"ಪಕ್ಕದ ಮನೆ ಒಡೆದರಲ್ಲ, ಅದಕ್ಕೆ ಕೊಟ್ಟ ಅರ್ಜಿ ಎಷ್ಟು ಪುಟ ಇತ್ತು ಸಾರ್?" ಎಂದೆ.

ಅವರು ಹುಬ್ಬು ಗಂಟಿಕ್ಕಲಿಲ್ಲ. "ಒಂದು," ಎಂದರು.

"ಉಳಿಸೋಕೆ ಹದಿನಾಲ್ಕು, ಒಡೆಯೋಕೆ ಒಂದು!"

"ನಾನು ಕಂಡದ್ದನ್ನ ಬರೀಬೇಕಮ್ಮ." ಅರ್ಜಿಯನ್ನು ಮಡಚದೆ ನನ್ನ ಕೈಗಿಟ್ಟು ಹೋದರು.

ಅಣ್ಣ ರೋಲರನ್ನು ಬಕೆಟ್ಟಿನಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದ. ನಾನು ಅವನ ಒದ್ದೆ ಮುಂಗೈ ಹಿಡಿದು ಎಳೆದೆ. ಗೋಡೆಯ ಹತ್ತಿರ, ಗಾಜಿನ ಹತ್ತಿರ, ಹಿತ್ತಲಿಗೆ. ಇಲ್ಲಿ ನೋಡು, ಗಾಜು ಇಟ್ಟಿಗೆಯ ಸೀಳಿನಲ್ಲಿ ಕೂತಿದೆ, ಚೌಕಟ್ಟೇ ಇಲ್ಲ. ಇಲ್ಲಿ ನೋಡು, ಒಳಗಿನ ಸಾಲೇ ಹೊರಗಿನ ಸಾಲು, ಒಂದು ಕೂದಲೆಳೆ ತಪ್ಪಿಲ್ಲ. ಮಾಡು ನೋಡು, ಅದನ್ನೂ ಬಿಳಿ ಮಾಡೋಕೆ ಏಣಿ ಹತ್ತಿದ್ದೆಯಲ್ಲ! ಹದಿನಾಲ್ಕು ಪುಟವನ್ನೂ ಕಿರುಚಿದೆ. ಪಕ್ಕದ ಡಬ್ಬಿಯ ಬಾಲ್ಕನಿಯಿಂದ ಯಾರೋ ಇಣುಕಿದರು. ಇಣುಕಲಿ.

ಅಣ್ಣ ಎಲ್ಲ ಕೇಳಿಸಿಕೊಂಡ. ಗೋಡೆಯ ಮೇಲೆ ಅಂಗೈ ಇಟ್ಟ, ಗಾಜಿನ ಈಚೆಗೆ ಒಮ್ಮೆ, ಆಚೆಗೆ ಒಮ್ಮೆ.

"ಹುಟ್ಟಿದಾಗಿನಿಂದ ಇದರ ಮುಂದೆ ಕೂತು ಊಟ ಮಾಡಿದೀನಿ," ಎಂದ. "ಇದನ್ನೆಲ್ಲ ಸೋಮವಾರ ಹೇಳೋಕೆ ಏನಾಗಿತ್ತೇ ನಿನಗೆ? ಆ ಕಾಗದಕ್ಕೆ ಹೇಳಿದೆಯಲ್ಲ, ನಾನೇನು ಅದಕ್ಕಿಂತ ಕಡೆಯಾ?"

ಅವನ ಮೇಲಿದ್ದ ಸಿಟ್ಟು ಹೋಗಲು ಬೇರೆ ಜಾಗವಿಲ್ಲದೆ ನನ್ನ ಮೇಲೇ ಬಿತ್ತು. ನಮ್ಮ ಮನೆಯಲ್ಲಿ ಯಾರೂ ಅರ್ಧಕ್ಕಿಂತ ಹೆಚ್ಚು ಹೇಳುವುದಿಲ್ಲ. ಅದನ್ನು ನಾನು ಇಷ್ಟು ದಿನ ದೊಡ್ಡ ಗುಣವೆಂದುಕೊಂಡಿದ್ದೆ.

ಫೋನ್ ರಿಂಗಾಯಿತು. ಚಿಕ್ಕಪ್ಪ.

"ಬಂದಿದ್ರಾ? ಏನಂತೆ?"

"ಆಗಲ್ಲ ಅಂದರು."

"ಸರಿ ಬಿಡು. ಹಾಗಾದ್ರೆ ಒಂದನೇ ತಾರೀಖು..."

ಎಂದಿನ ಹಾಗೆ ಹೂಂ ಎಂದು ಇಟ್ಟುಬಿಡಬಹುದಿತ್ತು. ಅಣ್ಣ ನನ್ನನ್ನೇ ನೋಡುತ್ತಿದ್ದ.

"ಬಿಡಲ್ಲ ಚಿಕ್ಕಪ್ಪ. ಇವತ್ತು ಸಂಜೆ ಇಲ್ಲಿಗೆ ಬರ್ತೀರ," ಎಂದೆ. "ಹಾಲಲ್ಲಿ ಕೂತು ನನ್ನ ಮಾತು ಪೂರ್ತಿ ಕೇಳ್ತೀರ. ಆಮೇಲೂ ಮಾರಬೇಕು ಅನ್ನಿಸಿದರೆ ನನ್ನ ಮುಖ ನೋಡಿಕೊಂಡು ಹೇಳಿ."

ಆ ಕಡೆ ಮೌನ. ನಮ್ಮ ಮನೆತನದ ಅದೇ ಹಾಳು ಮೌನ.

"ಕೇಳಿಸ್ತಾ?" ಎಂದೆ, ಇನ್ನೂ ಜೋರಾಗಿ.